ಡ್ರಾ ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಕ್ಯೂ’, ‘ಡಬ್ಲ್ಯೂಸಿ’ ಅಂತ ಯಾಕಿರುತ್ತೆ? ಮಹಿಳಾ ಟೆನಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರ್ಯಾಂಡ್ ಸ್ಲಾಮ್‌ನ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳಾದ ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್) ಮೊದಲ ಪಂದ್ಯ ಟಿವಿಯಲ್ಲಿ ಬರುವ ಹೊತ್ತಿಗೆ ಅಲ್ಲಿ ಆಗಲೇ ನೂರಕ್ಕೂ ಹೆಚ್ಚು ಹುಡುಗಿಯರು ಸೋತು ಗಂಟುಮೂಟೆ ಕಟ್ಟಿರುತ್ತಾರೆ. ಅವರ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಯಾರೋ ಹೆಸರೇ ಕೇಳದವಳು ದೊಡ್ಡ ಆಟಗಾರ್ತಿಯನ್ನು ಸೋಲಿಸಿದ ತಕ್ಷಣ ನನ್ನ ಫೋನಿಗೆ ಮೆಸೇಜು ಶುರು: ‘ಇವಳು ಯಾರು? ಎಲ್ಲಿಂದ ಬಂದಳು?’ ವರ್ಷಕ್ಕೆ ನಾಲ್ಕು ಸಲ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಆ ಅಕ್ಷರಗಳ ಅರ್ಥ ಹೇಳಿ.

ಯಾರ ಎದುರು ಯಾರು ಅಂತ ತೋರಿಸುವ ಪಟ್ಟಿಯೇ ಡ್ರಾ. ಅದರಲ್ಲಿ ಕ್ಯೂ ಅಂದರೆ ಕ್ವಾಲಿಫೈಯರ್, ಅರ್ಹತಾ ಸುತ್ತು ಗೆದ್ದು ಬಂದವಳು. ಡಬ್ಲ್ಯೂಸಿ ಅಂದರೆ ವೈಲ್ಡ್ ಕಾರ್ಡ್, ಟೂರ್ನಿಯವರೇ ಕರೆದು ಜಾಗ ಕೊಟ್ಟವಳು. ಎಲ್‌ಎಲ್ ಅಂದರೆ ಲಕ್ಕಿ ಲೂಸರ್, ಸೋತರೂ ಒಳಗೆ ಬಂದವಳು. ಪಿಆರ್ ಅಂದರೆ ಪ್ರೊಟೆಕ್ಟೆಡ್ ರ‍್ಯಾಂಕಿಂಗ್, ಗಾಯಕ್ಕೋ ಹೆರಿಗೆಗೋ ಆಟ ಬಿಟ್ಟು, ಹಳೆಯ ರ‍್ಯಾಂಕಿಂಗ್ ಇಟ್ಟುಕೊಂಡು ವಾಪಸ್ ಬಂದವಳು. ಪಕ್ಕದಲ್ಲಿ ಏನೂ ಇಲ್ಲದಿದ್ದರೆ ನೇರ ಪ್ರವೇಶ.

ಗ್ರ್ಯಾಂಡ್ ಸ್ಲಾಮ್‌ನಲ್ಲಿ 128 ಜಾಗ ಹೇಗೆ ತುಂಬುತ್ತಾರೆ?

ಮಹಿಳಾ ಸಿಂಗಲ್ಸ್‌ನಲ್ಲಿ 104 ಜಾಗ ರ‍್ಯಾಂಕಿಂಗ್ ನೋಡಿ ನೇರವಾಗಿ ಕೊಡುತ್ತಾರೆ. 16 ಜಾಗ ಕ್ವಾಲಿಫೈಯಿಂಗ್ ಗೆದ್ದವರಿಗೆ. ಉಳಿದ 8 ವೈಲ್ಡ್ ಕಾರ್ಡ್‌ಗೆ.

ಸಣ್ಣ ಟೂರ್ನಿಗಳಲ್ಲಿ ಲೆಕ್ಕ ಬೇರೆ. 32 ಜನರ ಡ್ರಾ ಇದ್ದರೆ ಬೆರಳೆಣಿಕೆಯಷ್ಟು ಕ್ವಾಲಿಫೈಯರ್‌ಗಳು, ಮೂರೋ ನಾಲ್ಕೋ ವೈಲ್ಡ್ ಕಾರ್ಡ್. ಏರ್ಪಾಡು ಮಾತ್ರ ಅದೇ.

ಅಷ್ಟು ಚೆನ್ನಾಗಿ ಆಡುವವಳು ಕ್ವಾಲಿಫೈಯಿಂಗ್ ಯಾಕೆ ಆಡಬೇಕು? ರ‍್ಯಾಂಕಿಂಗ್ ಇದೆಯಲ್ಲ?

ಇದೆ. ಆದರೆ ಯಾವ ದಿನದ ರ‍್ಯಾಂಕಿಂಗ್ ಅನ್ನುವುದೇ ಇಲ್ಲಿ ಮುಖ್ಯ. ಗ್ರ್ಯಾಂಡ್ ಸ್ಲಾಮ್‌ನಲ್ಲಿ ಮುಖ್ಯ ಸುತ್ತಿನ ಪಟ್ಟಿ ಸುಮಾರು ಆರು ವಾರ ಮೊದಲೇ ಮುಚ್ಚಿಬಿಡುತ್ತದೆ. ಆಮೇಲೆ ನೀವು ಪ್ರಪಂಚವನ್ನೇ ಗೆದ್ದರೂ ಆ ಪಟ್ಟಿ ಬದಲಾಗುವುದಿಲ್ಲ.

ಇದಕ್ಕೆ 2025ರ ಲೋಯಿಸ್ ಬುವಾಸೋಂಗಿಂತ ಒಳ್ಳೆ ಉದಾಹರಣೆ ಸಿಗಲಾರದು. ಫ್ರಾನ್ಸ್‌ನ ಹುಡುಗಿ. 2024ರಲ್ಲಿ ಫ್ರೆಂಚ್ ಓಪನ್‌ಗೆ ವೈಲ್ಡ್ ಕಾರ್ಡ್ ಸಿಕ್ಕಿತ್ತು. ಟೂರ್ನಿಗೆ ಕೆಲವೇ ದಿನ ಇರುವಾಗ ಮಂಡಿಯ ಲಿಗಮೆಂಟ್ ಹರಿಯಿತು. ಒಂದು ವರ್ಷ ಕಳೆದು 361ನೇ ರ‍್ಯಾಂಕಿನಲ್ಲಿ ಮತ್ತೆ ಬಂದಳು, ಮತ್ತೆ ವೈಲ್ಡ್ ಕಾರ್ಡ್. ಈ ಸಲ 3ನೇ ಶ್ರೇಯಾಂಕದ (ಸೀಡ್) ಜೆಸಿಕಾ ಪೆಗುಲಾ, 6ನೇ ಶ್ರೇಯಾಂಕದ ಮಿರಾ ಆಂಡ್ರೀವಾ ಇಬ್ಬರನ್ನೂ ಸೋಲಿಸಿ ಸೆಮಿಫೈನಲ್ ತಲುಪಿದಳು. ಅಲ್ಲಿ ಕೋಕೊ ಗಾಫ್ ಎದುರು ಸೋತಳು. ರ‍್ಯಾಂಕಿಂಗ್ ಒಂದೇ ಏಟಿಗೆ 65ಕ್ಕೆ ಏರಿತು.

65ನೇ ರ‍್ಯಾಂಕ್ ಅಂದರೆ ಸ್ಲಾಮ್‌ಗೆ ಆರಾಮಾಗಿ ನೇರ ಪ್ರವೇಶ, ಅಲ್ವಾ? ಆದರೆ ವಿಂಬಲ್ಡನ್ ಪಟ್ಟಿ ಆಗಲೇ ಮುಚ್ಚಿತ್ತು. ವಿಂಬಲ್ಡನ್‌ನವರು ಮುಖ್ಯ ಸುತ್ತಿಗೆ ವೈಲ್ಡ್ ಕಾರ್ಡನ್ನೂ ಕೊಡಲಿಲ್ಲ. ಪ್ಯಾರಿಸ್‌ನ ಸೆಂಟರ್ ಕೋರ್ಟಿನಲ್ಲಿ ಸೆಮಿಫೈನಲ್ ಆಡಿದವಳು ಮೂರು ವಾರವೂ ಕಳೆಯುವ ಮೊದಲು ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿ ಕ್ವಾಲಿಫೈಯಿಂಗ್ ಆಡುತ್ತಿದ್ದಳು. ಮೊದಲ ಸುತ್ತಿನಲ್ಲೇ ಕೆನಡಾದ ಕಾರ್ಸನ್ ಬ್ರ್ಯಾನ್‌ಸ್ಟೈನ್ ಎದುರು ಮೂರು ಸೆಟ್‌ಗಳಲ್ಲಿ ಸೋತು ಮನೆಗೆ ಹೋದಳು.

ವೈಲ್ಡ್ ಕಾರ್ಡ್ ಕೊಡದ್ದು ತಪ್ಪು ಅಂತ ಬೈದವರು ಬಹಳ ಜನ. ನನಗೂ ಕೊಡಬಹುದಿತ್ತು ಅನಿಸಿತು. ಆದರೆ ಹುಲ್ಲಿನ ಅಂಕಣದಲ್ಲಿ ಅವಳಿಗೆ ಅನುಭವ ಇರಲಿಲ್ಲ ಅನ್ನುವುದೂ ನಿಜ.

ಕ್ವಾಲಿಫೈಯಿಂಗ್ ಹೇಗೆ ನಡೆಯುತ್ತದೆ?

ಸ್ಲಾಮ್‌ಗಳಲ್ಲಿ 128 ಜನ, ಮೂರು ಸುತ್ತು. ಡ್ರಾವನ್ನು ಎಂಟೆಂಟು ಜನರ 16 ತುಂಡು ಮಾಡಿದ ಹಾಗೆ ಊಹಿಸಿಕೊಳ್ಳಿ. ಒಂದೊಂದು ತುಂಡಿನಿಂದ ಒಬ್ಬಳೇ ಮೇಲೆ ಬರುತ್ತಾಳೆ. ಇಲ್ಲಿ ಫೈನಲ್ ಇಲ್ಲ, ಕಪ್ ಇಲ್ಲ, ಫೋಟೊ ಇಲ್ಲ. ಮೂರನೇ ಪಂದ್ಯ ಗೆದ್ದರೆ ಅಷ್ಟೇ, ಮುಖ್ಯ ಡ್ರಾದಲ್ಲಿ ಖಾಲಿ ಬಿಟ್ಟಿರುವ 16 ಜಾಗಗಳಲ್ಲಿ ಒಂದು ನಿಮ್ಮದು. ಯಾವ ಜಾಗ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಿಮ್ಮ ಅದೃಷ್ಟ ನೆಟ್ಟಗಿಲ್ಲದಿದ್ದರೆ ಮೊದಲ ಪಂದ್ಯವೇ ನಂಬರ್ ಒನ್ ಜೊತೆ.

ಆಸ್ಟ್ರೇಲಿಯಾ, ಫ್ರಾನ್ಸ್, ಅಮೆರಿಕದಲ್ಲಿ ಇದು ಮುಖ್ಯ ಟೂರ್ನಿಯ ಜಾಗದಲ್ಲೇ ನಡೆಯುತ್ತದೆ. ವಿಂಬಲ್ಡನ್ ಮಾತ್ರ ಬೇರೆ. ಅಲ್ಲಿನ ಹುಲ್ಲು ಹಾಳಾಗಬಾರದು ಅಂತ ಕೆಲವು ಮೈಲಿ ಆಚೆ ರೋಹ್ಯಾಂಪ್ಟನ್‌ನಲ್ಲಿ ಆಡಿಸುತ್ತಾರೆ. ಅಂದರೆ ಅಲ್ಲಿ ಸೋತವಳು ವಿಂಬಲ್ಡನ್‌ಗೆ ಹೋಗಿ ಬಂದೆ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಸ್ವಲ್ಪ ಕ್ರೂರ ಅನಿಸುತ್ತದೆ.

ಕ್ವಾಲಿಫೈಯಿಂಗ್ ಪಂದ್ಯ ನೋಡಿದ್ದೀರಾ? ಹೇಗಿರುತ್ತದೆ?

ಸ್ಲಾಮ್‌ನದ್ದು ಟಿವಿ, ಫೋನಿನಲ್ಲಿ ಮಾತ್ರ. ಹತ್ತಿರದಿಂದ ನೋಡಿದ್ದು ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ, ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಮಹಿಳಾ ಟೂರ್ನಿ ನಡೆಯುವಾಗ. ಭಾನುವಾರ ಬೆಳಿಗ್ಗೆ ಹೋಗಿದ್ದೆ. ಟಿಕೆಟ್ ಕೇಳಿದವರಿಲ್ಲ. ಪಕ್ಕದ ಕೋರ್ಟಿನಲ್ಲಿ ನಾನೂ ಸೇರಿ ಒಂಬತ್ತು ಜನ. ಅದರಲ್ಲಿ ಒಬ್ಬರು ವಾಕಿಂಗ್ ಮುಗಿಸಿ ನೆರಳಿಗೆ ಅಂತ ಕೂತವರು.

ಇಬ್ಬರೂ ಆಟಗಾರ್ತಿಯರಿಗೆ ಇಪ್ಪತ್ತರ ಆಸುಪಾಸು. ಬ್ಯಾಗು, ನೀರಿನ ಬಾಟಲಿ, ಬಾಳೆಹಣ್ಣು, ಎಲ್ಲ ತಾವೇ ಹೊತ್ತುಕೊಂಡು ಬಂದರು. ಒಬ್ಬಳ ಜೊತೆ ಅಪ್ಪ ಇದ್ದರು. ಇನ್ನೊಬ್ಬಳ ಜೊತೆ ಯಾರೂ ಇರಲಿಲ್ಲ. ಒಂಟಿಯಾಗಿದ್ದವಳು ಎರಡನೇ ಸೆಟ್‌ನಲ್ಲಿ ರ‍್ಯಾಕೆಟ್ ತಂತಿ ಕಿತ್ತುಹೋದಾಗ ಬ್ಯಾಗಿನಲ್ಲಿ ಹುಡುಕಿದಳು. ಇನ್ನೊಂದೇ ಒಂದು ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದು ತಂತಿಗೆ ಅಂಗೈಯಿಂದ ತಟ್ಟಿ, ಸದ್ದು ಕೇಳಿ, ಮುಖ ಸಪ್ಪೆ ಮಾಡಿದಳು. ಬಿಗಿ ಸಾಲದು ಅಂತ ನಮಗೂ ಗೊತ್ತಾಯಿತು. ಅದರಲ್ಲೇ ಆಡಿದಳು. ಪಂದ್ಯ ಮೂರನೇ ಸೆಟ್‌ಗೆ ಹೋಯಿತು. ಸೋತಳು.

ಸೋತವಳು ನೇರ ಹೋಟೆಲಿಗೆ ಹೋಗಲಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ರೆಫರಿ ಕೋಣೆಯ ಕಡೆ ನಡೆದಳು. ಅದು ಕೊನೆಯ ಅರ್ಹತಾ ಸುತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಯಾಕೆ ಹೋದಳು ಅನ್ನುವುದಕ್ಕೆ ಮುಂದಿನ ಪ್ರಶ್ನೆ ನೋಡಿ.

ಲಕ್ಕಿ ಲೂಸರ್ ಅಂದರೆ ಏನು? ಸೋತವಳು ಹೇಗೆ ಆಡುತ್ತಾಳೆ?

ಮುಖ್ಯ ಸುತ್ತಿನಲ್ಲಿ ಇದ್ದವಳು ಕೊನೇ ಗಳಿಗೆಯಲ್ಲಿ ಕಾಲು ನೋವು, ಜ್ವರ ಅಂತ ಹಿಂದೆ ಸರಿದರೆ ಆ ಜಾಗ ಖಾಲಿ. ಅದಕ್ಕೆ ಅರ್ಹತಾ ಕೊನೆಯ ಸುತ್ತಿನಲ್ಲಿ ಸೋತವರನ್ನು ಕರೆಯುತ್ತಾರೆ. ಸಾಮಾನ್ಯವಾಗಿ ರ‍್ಯಾಂಕಿಂಗ್ ಚೆನ್ನಾಗಿರುವವಳಿಗೆ ಮೊದಲ ಅವಕಾಶ. ಆದರೆ ಸುಮ್ನೆ ಕರೆಯುವುದಿಲ್ಲ. ದಿನಾ ಬೆಳಿಗ್ಗೆ ಆಟ ಶುರುವಾಗುವ ಮೊದಲು ರೆಫರಿ ಬಳಿ ಹೋಗಿ ‘ನಾನು ಇಲ್ಲೇ ಇದ್ದೇನೆ’ ಅಂತ ಸಹಿ ಹಾಕಬೇಕು. ಬೂಟು ಕಟ್ಟಿಕೊಂಡು ಕಾಯಬೇಕು. ಬೇರೆಯವರಿಗೆ ಮೈ ಸರಿಯಿಲ್ಲದಿದ್ದರೆ ನಿನ್ನ ಅದೃಷ್ಟ ಖುಲಾಯಿಸುತ್ತದೆ. ಅಂಥ ಕಾಯುವಿಕೆ.

ಸ್ಲಾಮ್‌ಗಳಲ್ಲಿ ರ‍್ಯಾಂಕಿಂಗ್ ಚೆನ್ನಾಗಿರುವ ಕೆಲವರ ನಡುವೆ ಚೀಟಿ ಎತ್ತುತ್ತಾರೆ. ಕಾರಣ ಇದೆ. ‘ಸೋತರೂ ನನಗೇ ಜಾಗ’ ಅಂತ ಮೊದಲೇ ಗೊತ್ತಿದ್ದರೆ ಕೊನೆಯ ಪಂದ್ಯವನ್ನು ಯಾರು ಮನಸ್ಸಿಟ್ಟು ಆಡುತ್ತಾರೆ?

ಕೋಕೊ ಗಾಫ್ ಗೆದ್ದ ಮೊದಲ ಡಬ್ಲ್ಯೂಟಿಎ (ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆ) ಸಿಂಗಲ್ಸ್ ಪ್ರಶಸ್ತಿ ಬಂದಿದ್ದೇ ಹೀಗೆ. 2019ರ ಅಕ್ಟೋಬರ್, ಆಸ್ಟ್ರಿಯಾದ ಲಿಂಜ್. ಅವಳಿಗೆ 15 ವರ್ಷ. ಅರ್ಹತಾ ಕೊನೆಯ ಸುತ್ತಿನಲ್ಲಿ ಸೋತಿದ್ದಳು. ಮರಿಯಾ ಸಕ್ಕಾರಿ ಹಿಂದೆ ಸರಿದರು, ಇವಳು ಒಳಗೆ. ಫೈನಲ್‌ನಲ್ಲಿ ಫ್ರೆಂಚ್ ಓಪನ್ ಮಾಜಿ ಚಾಂಪಿಯನ್ ಯೆಲೆನಾ ಒಸ್ಟಾಪೆಂಕೊ ಅವರನ್ನು ಸೋಲಿಸಿ ಕಪ್ ಎತ್ತಿದಳು.

ನಮ್ಮ ಅಂಕಿತಾ ರೈನಾ ಕತೆ ಇನ್ನೊಂದು ಥರ. 2021ರ ಆಸ್ಟ್ರೇಲಿಯನ್ ಓಪನ್, ಕೋವಿಡ್ ಕಾಲ. ಮಹಿಳೆಯರ ಅರ್ಹತಾ ಸುತ್ತು ಮೆಲ್ಬರ್ನ್‌ನಲ್ಲಲ್ಲ, ದುಬೈನಲ್ಲಿ ನಡೆಯಿತು. ಅಂಕಿತಾ ಕೊನೆಯ ಸುತ್ತಿನಲ್ಲಿ ಓಲ್ಗಾ ಡ್ಯಾನಿಲೊವಿಚ್ ಎದುರು ಮೂರು ಸೆಟ್ ಆಡಿ ಸೋತರು. ಯಾರಾದರೂ ಹಿಂದೆ ಸರಿದರೆ ಇರಲಿ ಅಂತ ಕೆಲವು ಲಕ್ಕಿ ಲೂಸರ್‌ಗಳನ್ನು ವಿಮಾನದಲ್ಲಿ ಮೆಲ್ಬರ್ನ್‌ಗೆ ಕರೆದೊಯ್ದರು. ಅದರಲ್ಲಿ ಇವರೂ ಒಬ್ಬರು. 14 ದಿನ ಕ್ವಾರಂಟೈನ್. ಸಿಂಗಲ್ಸ್‌ನಲ್ಲಿ ಜಾಗ ಸಿಗಲೇ ಇಲ್ಲ. ಆದರೆ ಅಲ್ಲಿ ಇದ್ದದ್ದಕ್ಕೆ ರೊಮೇನಿಯಾದ ಮಿಹೇಲಾ ಬುಜಾರ್ನೆಸ್ಕು ಜೊತೆ ಡಬಲ್ಸ್ ಮುಖ್ಯ ಸುತ್ತು ಆಡುವ ಅವಕಾಶ ಬಂತು. ಅದೇ ತಿಂಗಳು ಫಿಲಿಪ್ ಐಲೆಂಡ್ ಟ್ರೋಫಿಯ ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದರು. ಕಾಯುವುದು ಒಂದಕ್ಕೆ, ಸಿಗುವುದು ಇನ್ನೊಂದು.

ಗಾಯ ಆದವಳು ಹಿಂದೆ ಸರಿದರೆ ಅವಳ ದುಡ್ಡು ಹೋಗುತ್ತದಾ?

ಮೊದಲು ಪೂರ್ತಿ ಹೋಗುತ್ತಿತ್ತು. ಅದಕ್ಕೇ ಕುಂಟುತ್ತಾ ಬಂದು ನಾಲ್ಕು ಗೇಮ್ ಆಡಿ, ಕೈಮುಗಿದು, ಚೆಕ್ ತಗೊಂಡು ಹೋಗುವವರು ಇದ್ದರು. 2018ರಿಂದ ಸ್ಲಾಮ್‌ಗಳು ನಿಯಮ ಬದಲಿಸಿದವು. ಟೂರ್ನಿ ಜಾಗಕ್ಕೆ ಬಂದು ಕೊನೆಯಲ್ಲಿ ಹಿಂದೆ ಸರಿದರೆ ಮೊದಲ ಸುತ್ತಿನ ಅರ್ಧ ಹಣ ಅವಳಿಗೆ, ಇನ್ನರ್ಧ ಬದಲಿಗೆ ಬಂದ ಲಕ್ಕಿ ಲೂಸರ್‌ಗೆ. ಒಳ್ಳೆ ನಿಯಮ.

ದುಡ್ಡಿನ ಲೆಕ್ಕ ಹೇಳಿ. ಕ್ವಾಲಿಫೈಯಿಂಗ್‌ನಲ್ಲಿ ಏನು ಸಿಗುತ್ತದೆ?

2025ರ ವಿಂಬಲ್ಡನ್ ತಗೊಳ್ಳಿ. ಅರ್ಹತಾ ಮೊದಲ ಸುತ್ತಿನಲ್ಲಿ ಸೋತರೆ 15,500 ಪೌಂಡ್. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತರೂ 66,000 ಪೌಂಡ್. ಮಧ್ಯೆ ಇರುವುದು ಮೂರು ಪಂದ್ಯ.

ರ‍್ಯಾಂಕ್ 150ರ ಹುಡುಗಿಗೆ ಕೋಚ್, ವಿಮಾನ, ಹೋಟೆಲ್, ಫಿಸಿಯೊ ಎಲ್ಲ ತನ್ನದೇ ಖರ್ಚು. ವರ್ಷಕ್ಕೆ ನಾಲ್ಕು ಸ್ಲಾಮ್‌ಗಳ ಅರ್ಹತಾ ಸುತ್ತು ಆಡಿದರೆ ಆ ವರ್ಷ ಹೇಗೋ ನಡೆಯುತ್ತದೆ. 250ಕ್ಕೆ ಇಳಿದು ಆ ಬಾಗಿಲೂ ಮುಚ್ಚಿದರೆ ಅಪ್ಪನ ಜೇಬೇ ಗತಿ.

ರ‍್ಯಾಂಕಿಂಗ್ ಲೆಕ್ಕಕ್ಕೆ ಬರುವ ಪಾಯಿಂಟ್ ಕೂಡ ಹೀಗೇ. ಸ್ಲಾಮ್‌ನಲ್ಲಿ ಅರ್ಹತಾ ಮೊದಲ ಸುತ್ತು ಸೋತರೆ 2 ಪಾಯಿಂಟ್. ಎರಡನೇ ಸುತ್ತಿನಲ್ಲಿ 20, ಮೂರನೆಯದರಲ್ಲಿ 30, ಮೂರೂ ಗೆದ್ದರೆ 40. ಆಮೇಲೆ ಮುಖ್ಯ ಸುತ್ತಿನದ್ದು ಬೇರೆ ಸೇರುತ್ತದೆ. ವೈಲ್ಡ್ ಕಾರ್ಡ್‌ನಲ್ಲಿ ಬಂದವಳು ಮೊದಲ ಪಂದ್ಯ ಸೋತರೆ ಬರೀ 10. ಇದನ್ನು ಗಮನಿಸಿ. ದುಡ್ಡು ವೈಲ್ಡ್ ಕಾರ್ಡ್‌ನಲ್ಲಿ ಸುಲಭ, ಪಾಯಿಂಟ್ ಕ್ವಾಲಿಫೈಯಿಂಗ್‌ನಲ್ಲಿ ಜಾಸ್ತಿ.

ಕ್ವಾಲಿಫೈಯರ್ ಯಾರಾದರೂ ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದಾರಾ?

ಸಿಂಗಲ್ಸ್‌ನಲ್ಲಿ ಒಬ್ಬಳೇ. ಗಂಡಸರಲ್ಲಿ ಇವತ್ತಿನವರೆಗೆ ಒಬ್ಬರೂ ಇಲ್ಲ.

ಎಮ್ಮಾ ರಾಡುಕಾನು, 2021ರ ಯುಎಸ್ ಓಪನ್. 18 ವರ್ಷ, 150ನೇ ರ‍್ಯಾಂಕ್. ಕ್ವಾಲಿಫೈಯಿಂಗ್ ಮುಗಿಯುವ ಹೊತ್ತಿಗೇ ವಾಪಸ್ ವಿಮಾನದ ಟಿಕೆಟ್ ಬುಕ್ ಆಗಿತ್ತು. ಅರ್ಹತಾ ಮೊದಲ ಪಂದ್ಯಕ್ಕೆ ಸ್ವಲ್ಪ ಮೊದಲು ಏರ್‌ಪಾಡ್ (ಇಯರ್‌ಫೋನ್) ಕಳೆದುಹೋಗಿವೆ ಅಂತ ಹುಡುಕಾಡಿದ್ದಳಂತೆ. ಈ ಪಂದ್ಯ ಗೆದ್ದರೆ ಹೊಸ ಜೊತೆ ಕೊಂಡ್ಕೋ ಅಂತ ತನಗೆ ತಾನೇ ಹೇಳಿಕೊಂಡಳಂತೆ. ಗೆದ್ದಳು. ಆಮೇಲೆ ಇನ್ನೂ ಒಂಬತ್ತು ಗೆದ್ದಳು. ಹತ್ತು ಪಂದ್ಯ, ಒಂದು ಸೆಟ್ಟೂ ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಲೇಲಾ ಫರ್ನಾಂಡಿಸ್ ಎದುರು 6-4, 6-3. ಕೊನೆಯ ಗೇಮ್‌ನಲ್ಲಿ ಜಾರಿ ಮಂಡಿ ತರಚಿ ರಕ್ತ ಬಂದು ಬ್ಯಾಂಡೇಜ್ ಹಾಕಿಸಿಕೊಂಡಳು. ಎದ್ದು ಬಂದು ಏಸ್ (ಎದುರಾಳಿ ಮುಟ್ಟಲಾಗದ ಸರ್ವ್) ಹೊಡೆದು ಮುಗಿಸಿದಳು. ಬಹುಮಾನ 25 ಲಕ್ಷ ಡಾಲರ್. ಏರ್‌ಪಾಡ್‌ಗೆ ತೊಂದರೆ ಇರಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ಇದೇ ಹುಡುಗಿ 338ನೇ ರ‍್ಯಾಂಕಿನಲ್ಲಿ ವಿಂಬಲ್ಡನ್‌ಗೆ ಬಂದಿದ್ದು ವೈಲ್ಡ್ ಕಾರ್ಡ್‌ನಿಂದ. ನಾಲ್ಕನೇ ಸುತ್ತು ತಲುಪಿದಳು. ಆ ಪಾಯಿಂಟ್‌ಗಳೇ ರ‍್ಯಾಂಕಿಂಗ್ ಮೇಲೆತ್ತಿದವು. ಅಂದರೆ ಈ ಕತೆಯಲ್ಲಿ ಎರಡು ಬಾಗಿಲೂ ಇವೆ. ಬ್ರಿಟನ್‌ನಲ್ಲಿ ಬೆಳೆದವಳಲ್ಲದಿದ್ದರೆ ಆ ಮೊದಲ ಬಾಗಿಲು ತೆರೆಯುತ್ತಿತ್ತಾ?

ವೈಲ್ಡ್ ಕಾರ್ಡ್ ಯಾರಿಗೆ ಕೊಡುತ್ತಾರೆ?

ಟೂರ್ನಿಯವರಿಗೆ ಇಷ್ಟ ಬಂದವರಿಗೆ. ಇದನ್ನು ನಾಜೂಕಾಗಿ ಹೇಳುವ ದಾರಿ ಇಲ್ಲ. ಸಾಮಾನ್ಯವಾಗಿ ಮೂರು ಥರದವರು: ಊರಿನ ಹುಡುಗಿಯರು, ವಾಪಸ್ ಬರುತ್ತಿರುವ ದೊಡ್ಡ ಹೆಸರುಗಳು, ಮುಂದೆ ದೊಡ್ಡವಳಾಗುತ್ತಾಳೆ ಅನಿಸಿದ ಜೂನಿಯರ್‌ಗಳು.

ಸ್ಲಾಮ್ ನಡೆಸುವ ಆಸ್ಟ್ರೇಲಿಯಾ, ಫ್ರಾನ್ಸ್, ಅಮೆರಿಕದ ಸಂಸ್ಥೆಗಳು ಕೊಡು-ಕೊಳ್ಳುವ ಒಪ್ಪಂದ ಮಾಡಿಕೊಂಡಿವೆ. ನಮ್ಮಲ್ಲಿ ನಿಮ್ಮ ಒಬ್ಬಳು, ನಿಮ್ಮಲ್ಲಿ ನಮ್ಮ ಒಬ್ಬಳು. ಬೀಗರ ಮನೆ ಊಟದ ಹಾಗೆ. ವಿಂಬಲ್ಡನ್ ಈ ಲೆಕ್ಕದಲ್ಲಿ ಇಲ್ಲ. ಅಲ್ಲಿ ಬಹುಪಾಲು ಬ್ರಿಟಿಷ್ ಆಟಗಾರ್ತಿಯರಿಗೇ ಹೋಗುತ್ತದೆ.

ಬೀಗರಿಲ್ಲದ ದೇಶದ ಹುಡುಗಿಗೆ? ಕ್ವಾಲಿಫೈಯಿಂಗ್. ಆಸ್ಟ್ರೇಲಿಯನ್ ಓಪನ್ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಅಂತ ಒಂದು ಜಾಗ ಇಡುವ ಪದ್ಧತಿ ಇದೆ. ಇಡೀ ಖಂಡಕ್ಕೆ ಒಂದು. ಇಗಾ ಶ್ವಿಯಾಂಟೆಕ್, ಅರೀನಾ ಸಬಲೆಂಕಾ ಥರದವರು ಸ್ಲಾಮ್ ಇಲ್ಲದ ದೇಶಗಳಿಂದ ಬಂದು ಮೇಲೇರಿದವರು. ಅವರ ಮೇಲೆ ನನಗೆ ಒಂದು ಹಿಡಿ ಜಾಸ್ತಿ ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ.

ಭಾರತದವರಿಗೆ ವೈಲ್ಡ್ ಕಾರ್ಡ್ ಸಿಕ್ಕೇ ಇಲ್ಲವಾ?

ಸಿಕ್ಕಿದೆ, ಅದರಿಂದ ಇತಿಹಾಸವೂ ಆಗಿದೆ. 2005ರ ಆಸ್ಟ್ರೇಲಿಯನ್ ಓಪನ್‌ಗೆ 18 ವರ್ಷದ ಸಾನಿಯಾ ಮಿರ್ಜಾ ಬಂದದ್ದು ವೈಲ್ಡ್ ಕಾರ್ಡ್‌ನಲ್ಲಿ. ಎರಡು ಪಂದ್ಯ ಗೆದ್ದು ಮೂರನೇ ಸುತ್ತು ತಲುಪಿದ ಮೊದಲ ಭಾರತೀಯ ಮಹಿಳೆಯಾದರು. ಅಲ್ಲಿ ಸೆರೆನಾ ವಿಲಿಯಮ್ಸ್ ಎದುರು 1-6, 4-6ರಲ್ಲಿ ಸೋತರು. ಆ ವರ್ಷ ಕಪ್ ಗೆದ್ದದ್ದೂ ಸೆರೆನಾ. ಆ ಪಂದ್ಯದ ಮರುದಿನ ನಮ್ಮ ಬೀದಿಯಲ್ಲಿ ಹುಡುಗಿಯರು ಶಟಲ್ ಬ್ಯಾಟಿನಲ್ಲೇ ಫೋರ್‌ಹ್ಯಾಂಡ್ ಬೀಸುತ್ತಿದ್ದರು.

ನಮ್ಮ ದೇಶದಲ್ಲೇ ಟೂರ್ನಿ ನಡೆದರೆ ಕಾರ್ಡು ನಮ್ಮ ಕೈಯಲ್ಲಿರುತ್ತದೆ. 2022ರಲ್ಲಿ ಚೆನ್ನೈ ಓಪನ್ ನಡೆದಾಗ ಕರ್ಮನ್ ಕೌರ್ ಥಂಡಿ ವೈಲ್ಡ್ ಕಾರ್ಡ್‌ನಲ್ಲಿ ಆಡಿ, ಮೊದಲ ಸುತ್ತಿನಲ್ಲಿ 8ನೇ ಶ್ರೇಯಾಂಕದ ಕ್ಲೋಯಿ ಪಾಕೆ ಅವರನ್ನು ಸೋಲಿಸಿದರು. ಬೆಂಗಳೂರಿನಲ್ಲೂ 2006ರಿಂದ 2008ರವರೆಗೆ ಡಬ್ಲ್ಯೂಟಿಎ ಟೂರ್ನಿ ಇತ್ತು. ಕೊನೆಯ ವರ್ಷ ಸೆರೆನಾ ಇಲ್ಲೇ ಕಪ್ ಗೆದ್ದರು. ಆಮೇಲೆ ನಿಂತುಹೋಯಿತು. ಟೂರ್ನಿ ನಿಂತರೆ ಹೋಗುವುದು ಬರೀ ನೋಡುವ ಖುಷಿಯಲ್ಲ. ನಮ್ಮ ನಾಲ್ಕು ಹುಡುಗಿಯರಿಗೆ ಸಿಗಬೇಕಿದ್ದ ಬಾಗಿಲೂ ಹೋಗುತ್ತದೆ.

ವೈಲ್ಡ್ ಕಾರ್ಡ್‌ನಿಂದ ಸ್ಲಾಮ್ ಗೆದ್ದವರು?

ಮಹಿಳಾ ಸಿಂಗಲ್ಸ್‌ನಲ್ಲಿ ಕಿಮ್ ಕ್ಲೈಸ್ಟರ್ಸ್, 2009ರ ಯುಎಸ್ ಓಪನ್. ಆಟ ಬಿಟ್ಟು, ಮದುವೆಯಾಗಿ, ತಾಯಿಯಾಗಿ ವಾಪಸ್ ಬಂದಿದ್ದರು. ಅದು ವಾಪಸಾತಿಯ ಮೂರನೇ ಟೂರ್ನಿ. ರ‍್ಯಾಂಕೇ ಇರಲಿಲ್ಲ. ವೀನಸ್, ಸೆರೆನಾ ಇಬ್ಬರನ್ನೂ ಸೋಲಿಸಿದರು. ಫೈನಲ್‌ನಲ್ಲಿ ಕ್ಯಾರೊಲಿನ್ ವೋಜ್ನಿಯಾಕಿ. ಗೆದ್ದಮೇಲೆ 18 ತಿಂಗಳ ಮಗಳು ಜಾಡಾ ಅಂಕಣದಲ್ಲಿ ಓಡಾಡಿ ಕಪ್ ಮುಟ್ಟುತ್ತಿದ್ದಳು.

ನಿಷೇಧ ಮುಗಿಸಿ ಬಂದವರಿಗೂ ವೈಲ್ಡ್ ಕಾರ್ಡ್ ಕೊಡುತ್ತಾರಾ?

ರಷ್ಯಾದ ಮರಿಯಾ ಶರಪೋವಾ ವಿಷಯ ತಾನೇ? ನಿಷೇಧಿತ ಮದ್ದು ತಗೊಂಡದ್ದಕ್ಕೆ ಬಿದ್ದಿದ್ದ ಅವರ 15 ತಿಂಗಳ ನಿಷೇಧ 2017ರ ಏಪ್ರಿಲ್ 26ಕ್ಕೆ ಮುಗಿಯಿತು. ಸ್ಟುಟ್‌ಗಾರ್ಟ್ ಟೂರ್ನಿ ಸೋಮವಾರವೇ ಶುರುವಾಗಿತ್ತು. ವೈಲ್ಡ್ ಕಾರ್ಡ್ ಕೊಟ್ಟು, ಮೊದಲ ಪಂದ್ಯವನ್ನು ಸರಿಯಾಗಿ ಆ ಬುಧವಾರಕ್ಕೇ ಇಟ್ಟರು. ಬೇರೆ ಆಟಗಾರ್ತಿಯರು ಸಿಟ್ಟಾದರು. ಫ್ರೆಂಚ್ ಓಪನ್‌ನವರು ಕೊಡಲಿಲ್ಲ. ಗಾಯದಿಂದ ಬಂದವರಿಗೆ ಕಾರ್ಡ್ ಇರಬಹುದು, ಮದ್ದಿನ ಪ್ರಕರಣಕ್ಕೆ ಇಲ್ಲ ಅನ್ನುವುದು ಅವರ ನಿಲುವು. ವಿಂಬಲ್ಡನ್‌ಗೆ ಶರಪೋವಾ ಕಾರ್ಡ್ ಕೇಳಲೇ ಇಲ್ಲ, ಕ್ವಾಲಿಫೈಯಿಂಗ್ ಆಡುತ್ತೇನೆ ಅಂದರು. ಗಾಯ ಆಗಿ ಅದೂ ಆಗಲಿಲ್ಲ. ಯುಎಸ್ ಓಪನ್ ಕೊಟ್ಟಿತು. ಮೊದಲ ರಾತ್ರಿಯೇ ಸಿಮೋನಾ ಹಾಲೆಪ್ ಅವರನ್ನು ಸೋಲಿಸಿದರು.

ನನಗೆ ಫ್ರೆಂಚರು ಮಾಡಿದ್ದೇ ಸರಿ ಅನಿಸುತ್ತದೆ. ಶಿಕ್ಷೆ ಮುಗಿದಮೇಲೆ ಆಡುವ ಹಕ್ಕು ಇದ್ದೇ ಇದೆ. ಕಾರ್ಡು ಹಕ್ಕಲ್ಲ.

ದುಡ್ಡು ಕೊಟ್ಟು ವೈಲ್ಡ್ ಕಾರ್ಡ್ ಕೊಳ್ಳಬಹುದಾ?

ಇಲ್ಲ, ನಿಯಮದಲ್ಲಿ ನಿಷಿದ್ಧ. ಆದರೆ ಆಟಗಾರ್ತಿಯರ ವ್ಯವಹಾರ ನೋಡಿಕೊಳ್ಳುವ ಕಂಪನಿಗಳೇ ಕೆಲವು ಟೂರ್ನಿಗಳನ್ನೂ ನಡೆಸುತ್ತವೆ. ಅಲ್ಲಿ ಕಾರ್ಡು ಯಾರಿಗೆ ಹೋಗುತ್ತದೆ ಅಂತ ನೀವೇ ಊಹಿಸಿ.

ಕ್ವಾಲಿಫೈಯಿಂಗ್‌ಗೂ ವೈಲ್ಡ್ ಕಾರ್ಡ್ ಇರುತ್ತದಂತೆ?

ಇರುತ್ತದೆ, ನನಗೆ ಬಹಳ ಇಷ್ಟದ್ದು ಇದೇ. ಬಾಗಿಲು ತೆಗೆಯುತ್ತಾರೆ, ಮೆಟ್ಟಿಲು ನೀನೇ ಹತ್ತು ಅನ್ನುತ್ತಾರೆ. 2019ರ ವಿಂಬಲ್ಡನ್‌ನಲ್ಲಿ ಕೋಕೊ ಗಾಫ್‌ಗೆ ಸಿಕ್ಕಿದ್ದು ಇದು. ಕ್ವಾಲಿಫೈಯಿಂಗ್ ನಡುವೆಯೇ ಶಾಲೆಯ ವಿಜ್ಞಾನ ಪರೀಕ್ಷೆಯನ್ನೂ ಬರೆದಳು. ಮೂರೂ ಗೆದ್ದಳು. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ ವೀನಸ್ ವಿಲಿಯಮ್ಸ್ ಅವರನ್ನು 6-4, 6-4ರಲ್ಲಿ ಸೋಲಿಸಿದಳು.

ನಮ್ಮ ಕಡೆ, 2025ರ ಫೆಬ್ರುವರಿಯಲ್ಲಿ ಮುಂಬೈ ಓಪನ್ ನಡೆದಾಗ ಕೊಯಮತ್ತೂರಿನ 15 ವರ್ಷದ ಮಾಯಾ ರಾಜೇಶ್ವರನ್ ಅರ್ಹತಾ ಸುತ್ತಿನಿಂದ ಹೊರಟು ಸೆಮಿಫೈನಲ್‌ವರೆಗೆ ಹೋದಳು. ಆ ವಾರ ಕ್ರಿಕೆಟ್ ಬಿಟ್ಟು ಟೆನಿಸ್ ಸ್ಕೋರ್ ನೋಡಿದವರಲ್ಲಿ ನಾನೂ ಒಬ್ಬ.

ಇದನ್ನೆಲ್ಲ ಎಲ್ಲಿ ನೋಡಬಹುದು?

ಯುಎಸ್ ಓಪನ್ ಕ್ವಾಲಿಫೈಯಿಂಗ್ ವಾರ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇರುವ ಕನ್ನಡಿಗರು ಆಗಸ್ಟ್‌ನಲ್ಲಿ ಒಂದು ದಿನ ರಜೆ ಹಾಕಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್ ಇದೆ. ಭಾನುವಾರವೇ ಹೋಗಿ, ಮಂಗಳವಾರದ ಹೊತ್ತಿಗೆ ಕ್ವಾಲಿಫೈಯಿಂಗ್ ಮುಗಿದಿರುತ್ತದೆ. ಟೋಪಿ, ನೀರು ಇರಲಿ. ಪಾಯಿಂಟ್ ನಡೆಯುವಾಗ ಎದ್ದು ಓಡಾಡಬೇಡಿ. ಒಂಬತ್ತೇ ಜನ ಇರುವ ಕಡೆ ಒಬ್ಬರು ಅಲ್ಲಾಡಿದರೂ ಕಾಣುತ್ತದೆ.